ಚೀಲ ಸುರಿಯುವವರು ಮಾಡುತ್ತಿದ್ದ ಮೂರನೆಯ ಕೆಲಸ

ಮಿಕ್ಸರ್ ವೇದಿಕೆಯ ಮೇಲೆ ಒಂದು ಇಡೀ ಶಿಫ್ಟ್ ನಿಂತು ಚೀಲ ಎಣಿಸಿದ್ದೆ. ನೋಟ್‌ಬುಕ್ಕಿನಲ್ಲಿ ಐದೈದರ ಗೀಟು ಹಾಕುತ್ತಾ ಹೋದೆ. ಎಂಟು ಗಂಟೆ ಮುಗಿಯುವ ಹೊತ್ತಿಗೆ ಲೆಕ್ಕ 320ಕ್ಕೆ ಬಂದು ನಿಂತಿತ್ತು. ಅದು ಪಿವಿಸಿ ರೆಸಿನ್, ಅಂದರೆ ಪೈಪಿನ ಕಚ್ಚಾ ಪ್ಲಾಸ್ಟಿಕ್ ಪುಡಿಯ ಚೀಲಗಳದ್ದು ಮಾತ್ರ. ಚೀಲಕ್ಕೆ 25 ಕಿಲೊ ಎಂದರೆ 8 ಟನ್. ಕ್ಯಾಲ್ಸಿಯಂ ಪುಡಿಯ ಚೀಲಗಳು ಬೇರೆ 64. ಇದಿಷ್ಟನ್ನೂ ಎತ್ತಿದ್ದು ಇಬ್ಬರು. ಪ್ಯಾಲೆಟ್‌ನಿಂದ ಎತ್ತಿ ಹಾಪರ್‌ನ (ಪುಡಿ ಸುರಿಯುವ ಆಲಿಕೆಯಂಥ ತೊಟ್ಟಿ) ಅಂಚಿಗೆ ಒರಗಿಸುವುದು, ಬಾಯಿಯ ಹೊಲಿಗೆ ಕೀಳುವುದು, ಬಗ್ಗಿಸಿ ಸುರಿಯುವುದು, ಎರಡು ಸಲ ಕೊಡವುವುದು, ಖಾಲಿ ಚೀಲ ಮಡಚಿ ಪಕ್ಕಕ್ಕಿಡುವುದು. ಮತ್ತೆ ಮುಂದಿನದು. ನಾನು ಬರೀ ನಿಂತಿದ್ದಕ್ಕೇ ಸಂಜೆ ನನ್ನ ಕಾಲು ಸೋತಿತ್ತು.

ನಮ್ಮದು ಪಿವಿಸಿ ಪೈಪ್ ಮಾಡುವ ಘಟಕ. ಎಕ್ಸ್‌ಟ್ರೂಡರ್‌ಗೆ (ಪುಡಿಯನ್ನು ಕರಗಿಸಿ ಪೈಪಾಗಿ ಹೊರತಳ್ಳುವ ಯಂತ್ರ) ಹೋಗುವ ಮೊದಲು ರೆಸಿನ್, ಕ್ಯಾಲ್ಸಿಯಂ ಕಾರ್ಬೊನೇಟ್, ಬಿಸಿಗೆ ಪಿವಿಸಿ ಕೆಡದಂತೆ ಕಾಯುವ ಸ್ಟೆಬಿಲೈಸರ್, ಮೇಣ, ಬಣ್ಣ ಎಲ್ಲವೂ ಬಿಸಿ ಮಿಕ್ಸರ್‌ನಲ್ಲಿ ಬೆರೆಯಬೇಕು. ಬ್ಲೇಡುಗಳ ವೇಗಕ್ಕೇ ಪುಡಿ ಬಿಸಿಯಾಗಿ 115 ಡಿಗ್ರಿ ಮುಟ್ಟಿದ ಮೇಲೆ ಕೆಳಗಿನ ತಣ್ಣನೆಯ ಮಿಕ್ಸರ್‌ಗೆ ಇಳಿಯುತ್ತದೆ. ಬ್ಯಾಚಿಗೆ 200 ಕಿಲೊ ರೆಸಿನ್, 40 ಕಿಲೊ ಕ್ಯಾಲ್ಸಿಯಂ. ಹನ್ನೆರಡು ನಿಮಿಷಕ್ಕೊಂದು ಬ್ಯಾಚ್. ಮಿಕ್ಸರ್ ಯಾರಿಗೂ ಕಾಯುವುದಿಲ್ಲ. ಅದರ ಹಸಿವಿಗೆ ಸರಿಯಾಗಿ ಮನುಷ್ಯರು ಓಡಬೇಕು.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂದು ನಾನು ಪಟ್ಟು ಹಿಡಿದದ್ದು ಉತ್ಪಾದನೆ ಹೆಚ್ಚಿಸುವುದಕ್ಕಲ್ಲ, ಬೆನ್ನುಗಳಿಗಾಗಿ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಭಾರ ಎತ್ತುವ ಸೂತ್ರ ಒಂದಿದೆ. ಎಲ್ಲವೂ ಅನುಕೂಲವಾಗಿದ್ದರೆ, ಅಂದರೆ ಭಾರ ಮೈಗೆ ಹತ್ತಿರವಿದ್ದು, ಸೊಂಟ ತಿರುಚದೆ, ಅಪರೂಪಕ್ಕೊಮ್ಮೆ ಎತ್ತುವುದಾದರೆ ಅದು ಒಪ್ಪುವ ಮಿತಿ 23 ಕಿಲೊ. ಕೈ ಮುಂದೆ ಚಾಚಿದಷ್ಟೂ, ನೆಲಮಟ್ಟದಿಂದ ಎತ್ತಿದಷ್ಟೂ, ಮತ್ತೆ ಮತ್ತೆ ಎತ್ತಿದಷ್ಟೂ ಈ ಮಿತಿ ಇಳಿಯುತ್ತಾ ಹೋಗುತ್ತದೆ. ನಮ್ಮ ಚೀಲ ಆ ಅತ್ಯುತ್ತಮ ಸ್ಥಿತಿಯ ಮಿತಿಯನ್ನೇ ದಾಟಿತ್ತು. ಪ್ಯಾಲೆಟ್‌ನ ಕೊನೆಯ ಸಾಲನ್ನು ಎತ್ತುವಾಗ ನಮ್ಮ ಹಿರಿಯ ಆಪರೇಟರ್ ಎಡಗೈಯನ್ನು ಮೊಣಕಾಲಿಗೆ ಊರಿ ಏಳುತ್ತಿದ್ದರು. ಅವರನ್ನು ನಾವೆಲ್ಲ ಅಣ್ಣ ಎಂದೇ ಕರೆಯುವುದು. ಹತ್ತೊಂಬತ್ತು ವರ್ಷ ಅದೇ ವೇದಿಕೆಯ ಮೇಲೆ ನಿಂತವರು.

ಚೀಲ ಸುರಿಯುವುದು ಎಂದರೆ ಎರಡು ಕೆಲಸ ಎಂದು ಆಗ ಲೆಕ್ಕ ಹಾಕಿದ್ದೆ. ಒಂದು ಸಾಗಿಸುವುದು, ಇನ್ನೊಂದು ಅಳೆಯುವುದು. ಎಂಟು ಚೀಲ ಸುರಿದರೆ 200 ಕಿಲೊ ಆಯಿತು, ಚೀಲವೇ ಅಳತೆ. ಈ ಎರಡನ್ನೂ ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ಮಾಡಬಲ್ಲದು ಎಂಬ ನಂಬಿಕೆ ನನ್ನದಾಗಿತ್ತು. ಆ ನಂಬಿಕೆ ಇವತ್ತಿಗೂ ಇದೆ. ಲೆಕ್ಕಕ್ಕೆ ಸಿಗದೆ ಉಳಿದದ್ದು ಮೂರನೆಯ ಕೆಲಸ. ಈ ಬರಹ ಅದರ ಬಗ್ಗೆ. ಆದರೆ ಅಲ್ಲಿಗೆ ಹೋಗುವ ಮೊದಲು ಪುಡಿಗಳು ನಮಗೆ ಕಲಿಸಿದ ಪಾಠ ಹೇಳಬೇಕು.

ರೆಸಿನ್‌ಗೆ ಹೊರಗಡೆ ಸೈಲೊ, ಅಂದರೆ ಪುಡಿ ತುಂಬಿಡುವ ಎತ್ತರದ ತೊಟ್ಟಿ ನಿಲ್ಲಿಸಿದೆವು. ಟ್ಯಾಂಕರ್ ಬಂದು ಗಾಳಿಯ ಒತ್ತಡದಿಂದ ಸೈಲೊಗೆ ತುಂಬುತ್ತದೆ. ಅಲ್ಲಿಂದ ಬ್ಲೋವರ್‌ನ ಗಾಳಿ ಪೈಪಿನಲ್ಲಿ ಮಿಕ್ಸರ್ ಮೇಲಿನ ತೂಕದ ಹಾಪರ್‌ಗೆ ಒಯ್ಯುತ್ತದೆ. ಪೈಪ್ ದರ್ಜೆಯ ರೆಸಿನ್ ಒಳ್ಳೆಯ ಸ್ವಭಾವದ ಪುಡಿ. ಕಣಗಳು ಸುಮಾರು 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಗಾತ್ರದವು, ದುಂಡಗೆ, ಮರಳಿನ ಹಾಗೆ ಹರಿಯುತ್ತವೆ. ಸೆಕೆಂಡಿಗೆ 20 ಮೀಟರ್ ಆಸುಪಾಸಿನ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತವೆ. ಗಾಳಿಯ ವೇಗ ಒಂದು ಮಟ್ಟಕ್ಕಿಂತ ಇಳಿದರೆ ಕಣಗಳು ಪೈಪಿನ ತಳಕ್ಕೆ ಕೂರುತ್ತವೆ, ಕೂತದ್ದು ಗುಡ್ಡೆಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗ ಮೊದಲು ಪುಡಿ ಬಿಡುವುದನ್ನು ನಿಲ್ಲಿಸಿ ಬರೀ ಗಾಳಿ ಬಿಡಬೇಕು. ಪ್ರತಿ ಬ್ಯಾಚಿನ ಕೊನೆಯಲ್ಲೂ ಪುಡಿ ನಿಂತ ಮೇಲೆ ಇನ್ನಷ್ಟು ಹೊತ್ತು ಬ್ಲೋವರ್ ಓಡಿ ಪೈಪ್ ಖಾಲಿಯಾಗಬೇಕು. ಇದನ್ನೆಲ್ಲ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ನಿಯಂತ್ರಣ ಕಂಪ್ಯೂಟರಿನಲ್ಲಿ ಬರೆದೆವು, ನಡೆಯಿತು. ಒಂದೇ ಒಂದು ಹೆದರಿಕೆ ಟ್ಯಾಂಕರ್‌ನ ಕೊನೆಯ ಕ್ಷಣದ್ದು. ಟ್ಯಾಂಕರ್ ಖಾಲಿಯಾಗುತ್ತಿದ್ದಂತೆ ತಡೆಯಾಗಿದ್ದ ಪುಡಿ ಇಲ್ಲವಾಗಿ, ಒಳಗಿನ ಒತ್ತಡದ ಗಾಳಿಯೆಲ್ಲ ಒಮ್ಮೆಲೇ ಸೈಲೊಗೆ ನುಗ್ಗುತ್ತದೆ. ಸೈಲೊ ತಲೆಯ ಮೇಲಿನ ಫಿಲ್ಟರ್ ಕಟ್ಟಿಕೊಂಡಿದ್ದರೆ ಆ ಗಾಳಿಗೆ ದಾರಿ ಬೇಕಲ್ಲ. ಒತ್ತಡ ಬಿಡುಗಡೆಯ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ನಾನೇ ಮೇಲೆ ಹತ್ತಿ ನೋಡುತ್ತೇನೆ. ಈ ಒಂದು ಕೆಲಸವನ್ನು ಇದುವರೆಗೆ ಬೇರೆಯವರಿಗೆ ಕೊಟ್ಟಿಲ್ಲ.

ಕ್ಯಾಲ್ಸಿಯಂ ಕತೆ ಬೇರೆ.

ನಾವು ಬಳಸುವುದು ಸ್ಟಿಯರಿಕ್ ಆಮ್ಲದ ಲೇಪ ಇರುವ, ಒಂದೆರಡು ಮೈಕ್ರಾನಿನ ನುಣುಪು ಪುಡಿ. ಇಷ್ಟು ಸಣ್ಣ ಕಣಗಳಿಗೆ ತಮ್ಮ ತೂಕಕ್ಕಿಂತ ಪರಸ್ಪರ ಅಂಟಿಕೊಳ್ಳುವ ಬಲವೇ ದೊಡ್ಡದು. ಡೆರೆಕ್ ಗೆಲ್ಡಾರ್ಟ್ ಎಂಬ ಇಂಜಿನಿಯರ್ 1973ರಲ್ಲಿ, ಗಾಳಿ ಊದಿದಾಗ ಪುಡಿಗಳು ಹೇಗೆ ವರ್ತಿಸುತ್ತವೆ ಎಂಬುದರ ಮೇಲೆ ಅವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡಿದರು. ನಮ್ಮ ಕ್ಯಾಲ್ಸಿಯಂ ಸಿ ಗುಂಪಿನದು, ಮೊಂಡು ಪುಡಿಗಳ ಗುಂಪು. ಅದನ್ನು ಟನ್ನಿನಷ್ಟು ಹಿಡಿಯುವ ಜಂಬೊ ಬ್ಯಾಗಿನಲ್ಲಿ ತರಿಸಿ, ಕ್ರೇನಿನಿಂದ ಎತ್ತಿ ಹಾಪರ್ ಮೇಲೆ ತೂಗುಹಾಕಿ, ಕೆಳಗಿನಿಂದ ತಿರುಗುವ ಸುರುಳಿಯ ಸ್ಕ್ರೂ ಕನ್ವೇಯರ್ ಅದನ್ನು ಎಳೆದುಕೊಳ್ಳುವಂತೆ ವ್ಯವಸ್ಥೆ ಮಾಡಿದ್ದೆವು. ಮೊದಲ ದಿನವೇ ಸ್ಕ್ರೂ ಬರಿದೇ ತಿರುಗುತ್ತಿತ್ತು. ಇಣುಕುವ ಕಿಂಡಿಯಿಂದ ನೋಡಿದರೆ ಹಾಪರ್ ತುಂಬಾ ಪುಡಿ. ಕೆಳಗೆ ಒಂದು ಹಿಡಿಯೂ ಇಳಿದಿಲ್ಲ.

ಒಳಗೆ ಪುಡಿ ತಾನೇ ಕಮಾನು ಕಟ್ಟಿಕೊಂಡಿತ್ತು. ಕಲ್ಲಿನ ಕಮಾನು ತನ್ನ ಮೇಲಿನ ಗೋಡೆಯ ಭಾರವನ್ನು ಎರಡೂ ಬದಿಗೆ ದಾಟಿಸಿ ನಿಲ್ಲುತ್ತದಲ್ಲ, ಹಾಗೆಯೇ ಪುಡಿಯೂ ಹಾಪರ್‌ನ ಬಾಯಿಯ ಮೇಲೆ ನಿಂತುಬಿಡುತ್ತದೆ. ಮೇಲಿನಿಂದ ಇನ್ನೊಂದು ಬ್ಯಾಗ್ ಸುರಿದರೆ ಆ ಭಾರಕ್ಕೆ ಕುಸಿಯಬಹುದು ಎಂದು ಮೇಲಿನವರೊಬ್ಬರು ಸೂಚಿಸಿದರು. ಸುರಿದೆವು, ಕುಸಿಯಲಿಲ್ಲ. ಅದು ಯಾಕೆ ಎಂಬುದು 1895ರಷ್ಟು ಹಿಂದೆಯೇ ಗೊತ್ತಾಗಿದ್ದ ಸಂಗತಿ. ಸೈಲೊದೊಳಗಿನ ಧಾನ್ಯದ ಒತ್ತಡವನ್ನು ಅಳೆದು ಯಾನ್ಸೆನ್ ಎಂಬ ಜರ್ಮನ್ ಇಂಜಿನಿಯರ್ ಆ ವರ್ಷ ಒಂದು ಲೇಖನ ಪ್ರಕಟಿಸಿದ್ದರು. ನೀರಿನ ತೊಟ್ಟಿಯಲ್ಲಿ ಆಳ ಹೆಚ್ಚಿದಷ್ಟೂ ತಳದ ಒತ್ತಡ ಹೆಚ್ಚುತ್ತದೆ. ಕಾಳು, ಪುಡಿಗಳಲ್ಲಿ ಹಾಗಾಗುವುದಿಲ್ಲ. ಗೋಡೆಯ ಜೊತೆಗಿನ ಘರ್ಷಣೆ ಭಾರವನ್ನು ಹೊತ್ತುಕೊಳ್ಳುತ್ತದೆ. ಒಂದು ಎತ್ತರ ದಾಟಿದ ಮೇಲೆ ಎಷ್ಟು ತುಂಬಿದರೂ ತಳಕ್ಕೆ ಅದರ ಸುಳಿವೇ ಹತ್ತುವುದಿಲ್ಲ. ಮೇಲಿನಿಂದ ತಳ್ಳಿ ಕಮಾನು ಒಡೆಯುವ ಯೋಚನೆ ಅಲ್ಲಿಗೇ ಮುಗಿಯಿತು.

ಆಮೇಲೆ ಸುತ್ತಿಗೆ ಬಂತು. ಪುಡಿ ಕೈಗಾರಿಕೆ ಯಾವುದನ್ನೇ ನೋಡಿ, ಹಾಪರ್‌ನ ಕೆಳಭಾಗದಲ್ಲಿ ಸುತ್ತಿಗೆ ಏಟಿನ ಗುಂಡಿಗಳು ಕಾಣುತ್ತವೆ. ಆ ಗುಂಡಿಗಳು ಒಳಗಡೆ ಉಬ್ಬುಗಳಾಗಿ ಪುಡಿಗೆ ಇನ್ನಷ್ಟು ಆಸರೆ ಕೊಡುತ್ತವೆ. ಮುಂದಿನ ಸಲ ಇನ್ನೂ ಜೋರಾಗಿ ಹೊಡೆಯಬೇಕಾಗುತ್ತದೆ. ನಮ್ಮ ಹೊಸ ಹಾಪರ್‌ಗೆ ಮೂರು ವಾರದಲ್ಲಿ ಎಣಿಸಿ ಹದಿನೇಳು ಗುಂಡಿ ಬಿದ್ದಿದ್ದವು. ಸುತ್ತಿಗೆಯ ಬದಲಿಗೆ ವೈಬ್ರೇಟರ್ ಹಾಕಿದೆವು. ಅದು ಕೆಳಗಿನ ವಾಲ್ವ್ ಮುಚ್ಚಿದ್ದಾಗಲೂ ನಡುಗುತ್ತಿತ್ತು. ಹರಿಯಲು ದಾರಿಯಿಲ್ಲದ ಪುಡಿಯನ್ನು ನಡುಗಿಸಿದರೆ ಅದು ಇನ್ನಷ್ಟು ಬಿಗಿಯಾಗಿ ಅದುಮಿಕೊಳ್ಳುತ್ತದೆ. ಬಾಯಿ ತೆರೆದಿದ್ದಾಗ ಮಾತ್ರ ವೈಬ್ರೇಟರ್ ಓಡಬೇಕು ಎಂಬ ಒಂದು ಸಾಲನ್ನು ಪಿಎಲ್‌ಸಿಗೆ ಸೇರಿಸಲು ನಮಗೆ ಹತ್ತು ದಿನ ಹಿಡಿಯಿತು. ಸಾಲು ಬರೆಯಲು ಎರಡು ನಿಮಿಷ. ಉಳಿದದ್ದೆಲ್ಲ ಅದು ಹೊಳೆಯಲು.

ಕೊನೆಗೆ ಉತ್ತರ ಸಿಕ್ಕಿದ್ದು ಆಂಡ್ರ್ಯೂ ಜೆನಿಕೆ ಅವರ ಕೆಲಸದಲ್ಲಿ. ಪುಡಿಗಳ ಹರಿವಿನ ಬಗ್ಗೆ ಯೂಟಾ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ದುಡಿದವರು ಅವರು. ಅಲ್ಲಿಂದ 1964ರಲ್ಲಿ ಹೊರಬಂದ 123ನೆಯ ಬುಲೆಟಿನ್ ಇವತ್ತಿಗೂ ಹಾಪರ್ ವಿನ್ಯಾಸದ ಆಧಾರ. ಪುಡಿಯನ್ನು ಒಂದು ಬಳೆಯಂಥ ಕೋಶದಲ್ಲಿ ತುಂಬಿ, ಮೇಲೆ ಭಾರ ಹೇರಿ, ಅಡ್ಡಕ್ಕೆ ಕತ್ತರಿಸುವ ಬಲ ಎಷ್ಟು ಬೇಕು ಎಂದು ಅಳೆಯುವುದು ಅವರ ಪರೀಕ್ಷೆ. ಎರಡು ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಕಮಾನು ನಿಲ್ಲಲಾರದಷ್ಟು ಅಗಲ ಹಾಪರ್‌ನ ಬಾಯಿ ಎಷ್ಟಿರಬೇಕು? ಇಡೀ ಪುಡಿ ಒಟ್ಟಾಗಿ ಜಾರಬೇಕಾದರೆ ಗೋಡೆ ಎಷ್ಟು ಕಡಿದಾಗಿರಬೇಕು? ಗೋಡೆ ಸಾಕಷ್ಟು ಕಡಿದಾಗಿಲ್ಲದಿದ್ದರೆ ನಡುವಿನ ಪುಡಿ ಮಾತ್ರ ಇಳಿದು, ಇಲಿ ಕೊರೆದ ಬಿಲದಂತೆ ಒಂದು ತೂತು ಉಳಿಯುತ್ತದೆ. ಅಂಚಿನ ಪುಡಿ ತಿಂಗಳುಗಟ್ಟಲೆ ಅಲ್ಲೇ ಕೂತು ಗಟ್ಟಿಯಾಗುತ್ತದೆ. ನಮ್ಮ ಪುಡಿಯ ಮಾದರಿಯನ್ನು ಪರೀಕ್ಷೆಗೆ ಕಳಿಸಿದಾಗ ಬಂದ ಉತ್ತರ, ನಾವು ಮಾಡಿಸಿದ್ದ ಹಾಪರ್‌ನ ಬಾಯಿ ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಎಂದಿತು. ಹಾಪರ್ ಮಾಡಿಸುವ ಮೊದಲೇ ಕಳಿಸಬೇಕಾಗಿದ್ದ ಮಾದರಿ ಅದು. ಈ ಕೆಲಸಕ್ಕೆ ಕೈ ಹಾಕುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಯಂತ್ರದ ಕೊಟೇಶನ್ ತರಿಸುವ ಮುನ್ನ ನಿಮ್ಮ ಪುಡಿಯನ್ನು ಪರೀಕ್ಷೆಗೆ ಕಳಿಸಿ.

ಕೆಳಭಾಗ ಕತ್ತರಿಸಿ, ಕಡಿದಾದ ನುಣುಪು ಸ್ಟೀಲಿನ ಕೋನ್ ಕೂರಿಸಿ, ಬಾಯಿ ಅಗಲ ಮಾಡಿ, ಗೋಡೆಗೆ ಗಾಳಿ ಊದುವ ಪ್ಯಾಡುಗಳನ್ನು ಹಾಕಿದೆವು. ಪುಡಿ ಇಳಿಯತೊಡಗಿತು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಎರಡು ವಾರದಲ್ಲಿ ಎಕ್ಸ್‌ಟ್ರೂಡರ್ ವಿಭಾಗದಿಂದ ದೂರು ಬಂತು. ಮೋಟಾರಿನ ಲೋಡ್ ಬ್ಯಾಚಿನಿಂದ ಬ್ಯಾಚಿಗೆ ಏರಿಳಿಯುತ್ತಿದೆ, ಮಿಶ್ರಣದಲ್ಲಿ ಏನೋ ಹೆಚ್ಚುಕಡಿಮೆ ಆಗುತ್ತಿದೆ ಎಂದು. ತೂಕದ ದಾಖಲೆ ತೆಗೆದು ನೋಡಿದರೆ ಪ್ರತಿ ಬ್ಯಾಚೂ 40 ಕಿಲೊ ಸರಿಯಾಗಿದೆ. ಪರದೆಯ ಮೇಲಿನ ಅಂಕಿ ಸರಿ, ಪುಡಿ ತಪ್ಪು. ನಾನು ಇದರಲ್ಲಿ ನಾಲ್ಕು ದಿನ ಕಳೆದೆ. ಲೋಡ್ ಸೆಲ್‌ಗಳನ್ನು (ಹಾಪರ್ ಕೂತಿರುವ, ತೂಕ ಅಳೆಯುವ ಸೆನ್ಸರ್‌ಗಳು) ಪ್ರಮಾಣದ ಕಲ್ಲುಗಳಿಟ್ಟು ಪರೀಕ್ಷಿಸಿದೆ. ಮೂರೂ ಸರಿ ಇದ್ದವು. ಐದನೆಯ ದಿನ ತೂಕದ ಏರಿಳಿತವನ್ನು ಸೆಕೆಂಡು ಸೆಕೆಂಡಿಗೆ ಗ್ರಾಫ್ ಹಾಕಿಸಿದಾಗ ಒಂದು ವಿಚಿತ್ರ ಕಂಡಿತು. ಸ್ಕ್ರೂ ನಿಂತು, ವಾಲ್ವ್ ಮುಚ್ಚಿ, ತೂಕ 40 ತೋರಿಸಿದ ಮೇಲೆ ಅದು ನಿಧಾನಕ್ಕೆ ಇಳಿಯುತ್ತಿತ್ತು. 39, 38, 37. ಹಾಪರ್‌ನಿಂದ ಒಂದು ಚಿಟಿಕೆಯೂ ಹೊರಗೆ ಹೋಗದೆ ತೂಕ ಇಳಿಯುವುದು ಹೇಗೆ?

ಗಾಳಿ. ಕಮಾನು ಒಡೆಯಲು ನಾವೇ ಹಾಕಿದ್ದ ಪ್ಯಾಡುಗಳ ಗಾಳಿ ಪುಡಿಯ ಜೊತೆ ಸ್ಕ್ರೂ ದಾಟಿ ತೂಕದ ಹಾಪರ್‌ಗೂ ಬರುತ್ತಿತ್ತು. ಆ ಹಾಪರ್‌ನ ಗಾಳಿ ಹೊರಹೋಗುವ ಫಿಲ್ಟರ್ ಚಿಕ್ಕದು, ಅದೂ ಅರ್ಧ ಕಟ್ಟಿಕೊಂಡಿತ್ತು. ಒಳಗೆ ಒತ್ತಡ ಏರುತ್ತಿತ್ತು. ಹಾಪರ್‌ನ ಮೇಲೆ ಪುಡಿ ಬರುವ ಜಾಗದಲ್ಲಿ 300 ಮಿಲಿಮೀಟರ್ ವ್ಯಾಸದ ರಬ್ಬರ್ ತೋಳಿನ ಜೋಡಣೆ ಇದೆ. ಅಷ್ಟು ಅಗಲದ ಜಾಗದಲ್ಲಿ ಒತ್ತಡವನ್ನು ತಡೆಯಲು ಹಾಪರ್‌ಗೆ ತನ್ನದೇ ಮುಚ್ಚಳ ಇಲ್ಲ. ಹಾಗಾಗಿ ತಳಕ್ಕೆ ಒತ್ತುವ ಗಾಳಿಗೆ ಮೇಲ್ಮುಖದ ಸಮಬಲ ಸಿಗದೆ, ಆ ವ್ಯತ್ಯಾಸವೆಲ್ಲ ಲೋಡ್ ಸೆಲ್ ಮೇಲೆ ಬೀಳುತ್ತದೆ. ಲೆಕ್ಕ ಸುಲಭ. 300 ಮಿಲಿಮೀಟರ್ ವೃತ್ತದ ವಿಸ್ತೀರ್ಣ 0.07 ಚದರ ಮೀಟರ್. ಬರೀ 500 ಪ್ಯಾಸ್ಕಲ್ ಒತ್ತಡ, ಎಂದರೆ ಐದು ಸೆಂಟಿಮೀಟರ್ ನೀರಿನಷ್ಟು, ಅಲ್ಲಿ ಮೂರೂವರೆ ಕಿಲೊ ಸುಳ್ಳು ತೂಕ ಹುಟ್ಟಿಸುತ್ತದೆ. ಯಂತ್ರ ಗಾಳಿಯನ್ನು ಪುಡಿ ಎಂದು ಎಣಿಸಿ, ಕ್ಯಾಲ್ಸಿಯಂ ಕಡಿಮೆ ಹಾಕುತ್ತಿತ್ತು. ಫಿಲ್ಟರ್ ಎಷ್ಟು ಕಟ್ಟಿದೆ ಎಂಬುದರ ಮೇಲೆ ತಪ್ಪಿನ ಪ್ರಮಾಣವೂ ಬದಲಾಗುತ್ತಿತ್ತು. ಮೊದಲನೆಯ ತೊಂದರೆಗೆ ಹಚ್ಚಿದ ಮದ್ದೇ ಎರಡನೆಯದಕ್ಕೆ ಕಾರಣವಾಗಿತ್ತು.

ದೊಡ್ಡ ಫಿಲ್ಟರ್ ಹಾಕಿ, ಒತ್ತಡ ಸೊನ್ನೆಗೆ ಇಳಿಯುವವರೆಗೆ ಕಾದು ಆಮೇಲೆ ತೂಕ ದಾಖಲಿಸುವಂತೆ ಮಾಡಿದೆವು. ಕಡಿಮೆ ಬಿದ್ದರೆ ಸ್ಕ್ರೂ ನಿಧಾನ ವೇಗದಲ್ಲಿ ಮತ್ತಷ್ಟು ಕೊಡುತ್ತದೆ. ವಾಲ್ವ್ ಮುಚ್ಚುವ ಹೊತ್ತಿಗೆ ಇನ್ನೂ ಬೀಳುತ್ತಾ ಇರುವ ಪುಡಿಯ ಲೆಕ್ಕವನ್ನೂ ಹಿಂದಿನ ಬ್ಯಾಚುಗಳಿಂದ ಯಂತ್ರವೇ ಕಲಿತು, ಅಷ್ಟು ಮೊದಲೇ ನಿಲ್ಲಿಸುತ್ತದೆ. ಈಗ 40 ಕಿಲೊಗೆ ನೂರಿನ್ನೂರು ಗ್ರಾಂ ಒಳಗೇ ಬರುತ್ತದೆ. ಚೀಲ ಮತ್ತು ತಕ್ಕಡಿಯ ಕಾಲದಲ್ಲಿ ನಾವು ಇಷ್ಟು ನಿಖರವಾಗಿ ಇರಲಿಲ್ಲ, ಅದನ್ನು ಹೇಳಲೇಬೇಕು.

ಸಾಗಿಸುವುದು ಆಯಿತು, ಅಳೆಯುವುದೂ ಆಯಿತು. ಐದನೆಯ ತಿಂಗಳಲ್ಲಿ ಬೂದು ಬಣ್ಣದ ಪೈಪಿನ ಮೇಲೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು.

ಸಾಸಿವೆಗಿಂತ ಚಿಕ್ಕವು. ಕತ್ತರಿಸಿ ನೋಡಿದರೆ ಗಟ್ಟಿಯಾದ ಕ್ಯಾಲ್ಸಿಯಂ ಉಂಡೆಗಳು, ಮಿಕ್ಸರ್‌ನ ಬ್ಲೇಡಿಗೂ ಒಡೆಯದೆ ಉಳಿದವು. ಪೈಪಿನ ಗೋಡೆಯಲ್ಲಿ ಇಂಥದೊಂದು ಉಂಡೆ ಸಿಕ್ಕಿಕೊಂಡರೆ ಒತ್ತಡವೆಲ್ಲ ಅದರ ಸುತ್ತ ಸೇರಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ನೀರಿನ ಒತ್ತಡದ ಪರೀಕ್ಷೆಯಲ್ಲಿ ಎರಡು ತುಂಡುಗಳು ಹೊತ್ತಿಗೆ ಮೊದಲೇ ಸೀಳಿದವು. ಎರಡು ದಿನದ ಉತ್ಪಾದನೆ ಪೂರ್ತಿ ತಡೆಹಿಡಿದೆವು. ಮೂಲ ಹುಡುಕಿಕೊಂಡು ಗೋದಾಮಿಗೆ ಹೋದರೆ, ಜಂಬೊ ಬ್ಯಾಗುಗಳನ್ನು ಒಂದರ ಮೇಲೊಂದು ಪೇರಿಸಿ ವಾರಗಟ್ಟಲೆ ಇಟ್ಟಿದ್ದರು. ಕೆಳಗಿನ ಬ್ಯಾಗಿನ ಪುಡಿ ಮೇಲಿನ ಒಂದು ಟನ್ ಭಾರಕ್ಕೆ ಅದುಮಿ ಗಟ್ಟಿಯಾಗಿತ್ತು.

ಅಣ್ಣ ಆ ಹೊತ್ತಿಗೆ ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುವ ಕೆಲಸದಲ್ಲಿದ್ದರು. ಚುಕ್ಕೆ ಬಿದ್ದ ಪೈಪಿನ ತುಂಡನ್ನು ಅವರ ಕೈಗೆ ಕೊಟ್ಟೆ. ಉಗುರಿನಿಂದ ಒಂದು ಚುಕ್ಕೆ ಕೆರೆದು ನೋಡಿದರು.

"ಇದು ಕೆಳಗಿನ ಸಾಲಿನ ಮಾಲು ಮೇಡಂ. ಮೊದಲೂ ಬರ್ತಿತ್ತು."

"ಮೊದಲೂ ಬರ್ತಿತ್ತಾ? ಪೈಪಲ್ಲಿ ಯಾವತ್ತೂ ನೋಡಿಲ್ವಲ್ಲ ಅಣ್ಣ."

"ಪೈಪಿಗೆ ಹೋಗೋಕೆ ನಾವು ಬಿಡ್ತಿರ್ಲಿಲ್ಲ ಮೇಡಂ. ಚೀಲ ಎತ್ತಿದಾಗ್ಲೇ ಗೊತ್ತಾಗೋದು. ಒಳ್ಳೇ ಮಾಲಾದ್ರೆ ಚೀಲ ತೋಳ ಮೇಲೆ ಬಳುಕ್ತದೆ. ಇದು ಹಲಗೆ ಥರ ನೆಟ್ಟಗಿರ್ತದೆ. ಅದನ್ನ ಪಕ್ಕಕ್ಕೆ ಹಾಕಿ, ಬಿಡುವಾದಾಗ ಕೋಲಲ್ಲಿ ಬಡಿದು ಆಮೇಲೆ ಹಾಕ್ತಿದ್ವಿ."

ನನಗೆ ಮಾತು ಹೊರಡಲಿಲ್ಲ. ಆ ಶಿಫ್ಟ್ ಪೂರ್ತಿ ನಿಂತು ಗೀಟು ಎಳೆದವಳು ನಾನು. ಪಕ್ಕಕ್ಕೆ ಹಾಕಿದ ಚೀಲಗಳನ್ನೂ ನೋಡಿದ್ದೆ. ಸುರಿಯದ ಚೀಲ ಎಂದು ಅವನ್ನು ಎಣಿಕೆಯಿಂದ ಬಿಟ್ಟಿದ್ದೆ.

ಮಾರನೆಯ ದಿನ ಅವರನ್ನೂ, ಜೊತೆಗೆ ಚೀಲ ಸುರಿಯುತ್ತಿದ್ದ ಇನ್ನೂ ಮೂವರನ್ನೂ ಕೂರಿಸಿಕೊಂಡು ಕೇಳಿದೆ. ಚೀಲವನ್ನು ಯಾವ ಯಾವ ಕಾರಣಕ್ಕೆ ಪಕ್ಕಕ್ಕೆ ಹಾಕುತ್ತಿದ್ದಿರಿ? ಮೊದಮೊದಲು ಏನೂ ಇಲ್ಲ ಎಂದರು. ಅವರಿಗೆ ಅದು ಕೆಲಸ ಎಂದೇ ಅನ್ನಿಸಿರಲಿಲ್ಲ. ಮಾತಾಡುತ್ತಾ ಹೋದಂತೆ ಒಂದೊಂದೇ ಬಂತು. ತಳ ಒದ್ದೆಯಾದ ಚೀಲ. ಹೊಲಿಗೆಯ ದಾರ ಒಳಗೆ ಬಿದ್ದದ್ದು. ಕಾಗದದ ಚೂರು. ಎತ್ತಿದಾಗ ಹಗುರ ಅನ್ನಿಸಿದ ಚೀಲ. ಸುರಿಯುವಾಗ ಸರ್ ಎನ್ನದೆ ಥಪ್ ಥಪ್ ಎಂದು ಬೀಳುವ ಪುಡಿ. ಬಿಳಿಯಲ್ಲೇ ತುಸು ಹಳದಿ ಕಾಣುವ ರೆಸಿನ್. ಬಾಯಿ ಬಿಚ್ಚಿದಾಗ ಬರುವ ಬೇರೆ ವಾಸನೆ. ಮುಂಗೈ ಕೂದಲು ನಿಮಿರಿಸುವಷ್ಟು ಕರೆಂಟು ಹಿಡಿದಿರುವ ಪುಡಿ. ಇನ್ನೂ ಬಿಸಿ ಆರದೆ ಬಂದ ಮಾಲು. ಚೀಲದ ಮೇಲಿನ ಗುರುತು ಬೇರೆ ಇರುವುದು. ಪೈಪಿಗೆ ಕೆ-67 ದರ್ಜೆಯ ರೆಸಿನ್ ಬೇಕು, ಫಿಟ್ಟಿಂಗಿಗೆ ಹೋಗುವ ಕೆ-57 ಕಣ್ಣಿಗೆ ಹಾಗೇ ಕಾಣುತ್ತದೆ, ಬೆರೆತರೆ ಕೆಟ್ಟಿತು. ಹನ್ನೊಂದನೆಯದನ್ನು ಅವರಲ್ಲಿ ಕಿರಿಯ ಹುಡುಗ ಹೇಳಿದ: ಪ್ಯಾಲೆಟ್‌ನಿಂದ ಕಿತ್ತುಬಂದ ಮೊಳೆ.

ಒಂದೇ ಶಿಫ್ಟಿನಲ್ಲಿ 384 ಚೀಲ ಎತ್ತುವಾಗ 384 ಸಲ ನಡೆಯುತ್ತಿದ್ದ ತಪಾಸಣೆ ಇದು. ಯಾವ ಪ್ರಕ್ರಿಯೆಯ ಕೈಪಿಡಿಯಲ್ಲೂ ಇದರ ಒಂದು ಸಾಲಿಲ್ಲ, ಯಾರ ಹುದ್ದೆಯ ವಿವರದಲ್ಲೂ ಇಲ್ಲ. ನಾವು ಚೀಲವನ್ನು ತೆಗೆದೆವು, ಅದರ ಜೊತೆ ಇದೂ ಹೋಯಿತು. ಹೋದದ್ದು ಗೊತ್ತಾಗಲು ಐದು ತಿಂಗಳು ಬೇಕಾಯಿತು.

ಆಲಿವರ್ ಇವಾನ್ಸ್ ಎಂಬ ಅಮೆರಿಕದ ಯಂತ್ರಕಾರ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಒಂದು ಹಿಟ್ಟಿನ ಗಿರಣಿಯನ್ನು ರೂಪಿಸಿದ. ಬಕೆಟ್ ಎಲಿವೇಟರ್, ಸ್ಕ್ರೂ, ಬೆಲ್ಟ್ ಎಲ್ಲವನ್ನೂ ಜೋಡಿಸಿ, ಧಾನ್ಯ ಒಳಬಂದಲ್ಲಿಂದ ಹಿಟ್ಟು ಹೊರಹೋಗುವವರೆಗೆ ಮನುಷ್ಯ ಎತ್ತಿ ಸಾಗಿಸುವ ಅಗತ್ಯವೇ ಇಲ್ಲದಂತೆ ಮಾಡಿದ. 1790ರಲ್ಲಿ ಆತನಿಗೆ ಸಿಕ್ಕಿದ್ದು ಅಮೆರಿಕದ ಮೂರನೆಯ ಪೇಟೆಂಟ್. ಬಿಸಿ ಹಿಟ್ಟನ್ನು ಹರವಿ ಆರಿಸುವ ಯಂತ್ರವೊಂದು ಅದರಲ್ಲಿತ್ತು. ಅದರ ಹೆಸರು ಹಾಪರ್ ಬಾಯ್. ಕುಂಟೆ ಹಿಡಿದು ಆ ಕೆಲಸ ಮಾಡುತ್ತಿದ್ದ ಹುಡುಗನ ಹೆಸರೇ ಯಂತ್ರಕ್ಕೆ ಬಂತು. ಅಣ್ಣನ ಪಟ್ಟಿ ಬರೆದುಕೊಂಡ ರಾತ್ರಿ ಆ ಹೆಸರು ನೆನಪಾಗಿ ಬಹಳ ಹೊತ್ತು ಕಾಡಿತು.

ಹನ್ನೊಂದು ಅಂಶಗಳನ್ನು ಒಂದೊಂದಾಗಿ ಹಿಡಿದು ಕೂತೆವು. ಮೊಳೆಗೆ ಅಯಸ್ಕಾಂತದ ಜಾಲರಿ. ದಾರ, ಕಾಗದ, ಉಂಡೆಗಳಿಗೆ ಕಂಪಿಸುವ ಜರಡಿ, ಅದಕ್ಕೂ ಮೊದಲು ಉಂಡೆ ಒಡೆಯುವ ರೋಲರ್. ದರ್ಜೆ ತಪ್ಪದಿರಲು ಬಾರ್‌ಕೋಡ್. ಸರಿಯಾದ ಕೋಡ್ ಓದಿಸದೆ ಸೈಲೊ ತುಂಬುವ ವಾಲ್ವ್ ತೆರೆಯುವುದಿಲ್ಲ. ತೂಕ ಕಡಿಮೆ ಇರುವ ಚೀಲದ ಪ್ರಶ್ನೆ ಲೋಡ್ ಸೆಲ್ ಇರುವಲ್ಲಿ ಏಳುವುದೇ ಇಲ್ಲ. ಜಂಬೊ ಬ್ಯಾಗುಗಳನ್ನು ಒಂದರ ಮೇಲೊಂದು ಇಡುವುದನ್ನು ನಿಲ್ಲಿಸಿ ಗೋದಾಮಿನಲ್ಲಿ ರ‍್ಯಾಕ್ ಹಾಕಿಸಿದೆವು. ಜರಡಿಯಿಂದ ಹೊರಬೀಳುವ ಕಸಕ್ಕೆ ಒಂದು ಬಕೆಟ್ ಇಟ್ಟು, ಶಿಫ್ಟಿಗೊಮ್ಮೆ ಅದನ್ನು ತೂಗಿ, ಒಳಗೇನಿದೆ ಎಂದು ಬರೆದಿಡುವುದು ಕಡ್ಡಾಯವಾಯಿತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಸುದ್ದಿ ಹೇಳುವುದು ಆ ಬಕೆಟ್. ಅದರ ತೂಕ ಏರತೊಡಗಿದರೆ ಗೋದಾಮಿನಲ್ಲೋ, ಪೂರೈಕೆದಾರರ ಕಡೆಯೋ ಏನೋ ಬದಲಾಗಿದೆ ಎಂದರ್ಥ.

ಬಣ್ಣ, ವಾಸನೆ, ಸ್ಪರ್ಶ ಉಳಿದವು. ಅವಕ್ಕೆ ಸೆನ್ಸರ್ ಹುಡುಕುವ ಬದಲು, ಸೈಲೊ ತುಂಬುವ ಪೈಪಿನಲ್ಲೂ ಕ್ಯಾಲ್ಸಿಯಂ ಹಾಪರ್‌ನಲ್ಲೂ ಮಾದರಿ ತೆಗೆಯುವ ಕಿಂಡಿ ಇಡಿಸಿದೆವು.

ಕರೆಂಟು, ಅಂದರೆ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ ಹಿಡಿದ ಪುಡಿಯ ವಿಷಯ ಮಾತ್ರ ಬೇರೆಯಾಗಿಯೇ ಹೇಳಬೇಕು. ಕ್ಯಾಲ್ಸಿಯಂ ಉರಿಯುವುದಿಲ್ಲ. ಆದರೆ ಸ್ಟೆಬಿಲೈಸರ್ ಜೊತೆ ಬರುವ ಸ್ಟಿಯರೇಟ್, ಮೇಣದ ಪುಡಿಗಳು ಗಾಳಿಯಲ್ಲಿ ಹರಡಿ ಕಿಡಿ ತಾಗಿದರೆ ಸಿಡಿಯಬಲ್ಲವು. ತೆರೆದ ಜಾಗದಲ್ಲಿ ಧೂಳು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಹತ್ತುತ್ತದೆ, ಯಾರಾದರೂ ಗುಡಿಸುತ್ತಾರೆ. ಪೈಪು, ಸ್ಕ್ರೂ, ಹಾಪರ್‌ಗಳೊಳಗೆ ಮುಚ್ಚಿಟ್ಟರೆ ನೆಲ ಸ್ವಚ್ಛವಾಗುತ್ತದೆ, ಅಪಾಯ ಒಳಗೆ ಹೋಗಿ ಕೂರುತ್ತದೆ. ಅಮೆರಿಕದ ಜಾರ್ಜಿಯ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಇಂಪೀರಿಯಲ್ ಶುಗರ್ ಕಾರ್ಖಾನೆ 2008ರ ಫೆಬ್ರವರಿ 7ರಂದು ಸಿಡಿದು 14 ಜನ ಸತ್ತರು. ಸೈಲೊಗಳ ಕೆಳಗೆ ಸಕ್ಕರೆ ಸಾಗಿಸುವ ಬೆಲ್ಟ್ ಮೊದಲು ತೆರೆದೇ ಇತ್ತು. ಸಕ್ಕರೆಗೆ ಕಸ ಬೀಳಬಾರದೆಂದು ಹಿಂದಿನ ವರ್ಷವಷ್ಟೇ ಅದಕ್ಕೆ ಸ್ಟೀಲಿನ ಹೊದಿಕೆ ಹಾಕಿದ್ದರು. ಆ ಹೊದಿಕೆಯೊಳಗೆ ಧೂಳು ಸಿಡಿಯುವ ಮಟ್ಟಕ್ಕೆ ಸೇರಿಕೊಂಡಿತ್ತು, ಅದನ್ನು ಹೊರಗೆಳೆಯುವ ವ್ಯವಸ್ಥೆ ಇರಲಿಲ್ಲ ಎಂದು ತನಿಖೆ ಹೇಳಿತು. 2003ರಲ್ಲಿ ಉತ್ತರ ಕೆರೊಲಿನದ ಕಿನ್‌ಸ್ಟನ್‌ನ ರಬ್ಬರ್ ಘಟಕದಲ್ಲಿ ಆರು ಜನರನ್ನು ಕೊಂದ ಪಾಲಿಎಥಿಲೀನ್ ಧೂಳು ಸೇರಿದ್ದು ತೂಗು ಛಾವಣಿಯ ಮೇಲೆ. ಕೆಳಗೆ ಯಂತ್ರಗಳಿದ್ದ ಜಾಗವನ್ನು ದಿನವೂ ಒರೆಸುತ್ತಿದ್ದರು. ಈ ಎರಡು ವರದಿಗಳನ್ನು ಓದಿದ ಮೇಲೆ, ಮುಚ್ಚಿದ ಪ್ರತಿ ಜಾಗಕ್ಕೂ ತೆರೆದು ನೋಡುವ ಬಾಗಿಲು, ಧೂಳು ಎಳೆಯುವ ಪೈಪ್ ಇರಲೇಬೇಕು ಎಂದು ನಕ್ಷೆಯಲ್ಲಿ ಕೆಂಪು ಗುರುತು ಹಾಕಿದೆ. ಪೈಪಿನ ಪ್ರತಿ ಜೋಡಣೆಗೂ ತಾಮ್ರದ ಪಟ್ಟಿ ಕಟ್ಟಿ ಅರ್ಥಿಂಗ್ ಮಾಡಿಸಿದೆವು. ಜಂಬೊ ಬ್ಯಾಗುಗಳಲ್ಲಿ ಸಿ ಮಾದರಿಯವು ಒಳಗೆ ವಾಹಕ ಎಳೆಗಳಿರುವಂಥವು. ಅವನ್ನು ಭೂಮಿಗೆ ಜೋಡಿಸದೆ ಬಳಸುವುದು ಜೋಡಣೆಯೇ ಬೇಡದ ಬ್ಯಾಗಿಗಿಂತ ಅಪಾಯ. ಅರ್ಥಿಂಗ್ ಕ್ಲಿಪ್ ಸಿಕ್ಕಿಸದೆ ಸ್ಕ್ರೂ ಶುರುವಾಗದಂತೆ ಪಿಎಲ್‌ಸಿಯಲ್ಲಿ ಬೀಗ ಹಾಕಿದ್ದೇವೆ.

ಜನರ ವಿಷಯ. ಮೂರು ಶಿಫ್ಟಿಗೆ ಸೇರಿ ಆರು ಜನ ಚೀಲ ಸುರಿಯುತ್ತಿದ್ದರು. ನಾಲ್ವರು ಈಗ ಜರಡಿ, ಮಾದರಿ, ಗೋದಾಮಿನ ಕೆಲಸಗಳಲ್ಲಿದ್ದಾರೆ. ಇಬ್ಬರ ಗುತ್ತಿಗೆ ಮುಂದುವರಿಯಲಿಲ್ಲ. ಅವರನ್ನು ಉಳಿಸಿಕೊಳ್ಳಲು ಬರೆದ ಟಿಪ್ಪಣಿ ಮೇಲಿನವರೆಗೆ ಹೋಗಿ ವಾಪಸ್ ಬಂತು. ಮೊಳೆಯ ಬಗ್ಗೆ ಹೇಳಿದ ಹುಡುಗ ಆ ಇಬ್ಬರಲ್ಲಿ ಒಬ್ಬ. ಬೆನ್ನುಗಳು ಉಳಿದವು ಎಂದು ನಾನು ಹೇಳುವಾಗಲೆಲ್ಲ ಅವನ ಮುಖ ಕಣ್ಣ ಮುಂದೆ ಬರುತ್ತದೆ. ಯೋಜನೆಯ ಮೊದಲ ಪುಟದಲ್ಲೇ, ಯಂತ್ರದ ಖರ್ಚಿನ ಪಕ್ಕದಲ್ಲೇ, ಇವರ ಮುಂದಿನ ಕೆಲಸ ಏನು ಎಂದು ಬರೆಸಿಕೊಳ್ಳಬೇಕಾಗಿತ್ತು. ಮುಂದಿನ ಘಟಕಕ್ಕೆ ಇಂಥದೇ ಯೋಜನೆ ಬರೆಯುತ್ತಿದ್ದೇನೆ. ಅದರಲ್ಲಿ ಬರೆದಿದ್ದೇನೆ.

ಅಣ್ಣ ಈಗ ಮಾದರಿ ಮೇಜಿನಲ್ಲಿದ್ದಾರೆ. ಟ್ಯಾಂಕರ್ ಬಂದರೆ, ಅರ್ಥಿಂಗ್ ತಂತಿ ಸಿಕ್ಕಿಸಿದ ಮೇಲೆ, ಮೊದಲ ಹಿಡಿ ಪುಡಿ ಅವರ ತಟ್ಟೆಗೆ ಬರುತ್ತದೆ. ಕಪ್ಪು ಬಣ್ಣದ ತಟ್ಟೆ. ಬಿಳಿಯ ಮೇಲಿನ ಹಳದಿ ಕಪ್ಪಿನ ಮೇಲೆ ಚೆನ್ನಾಗಿ ಕಾಣುತ್ತದೆ ಎಂದು ಅವರೇ ಹೇಳಿ ಮಾಡಿಸಿಕೊಂಡದ್ದು. ಪುಡಿಯನ್ನು ಹರವುತ್ತಾರೆ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುತ್ತಾರೆ, ಮೂಗಿನ ಹತ್ತಿರ ತರುತ್ತಾರೆ. ಸರಿ ಎನಿಸಿದರೆ ರಿಜಿಸ್ಟರಿನಲ್ಲಿ ಬರೆದು ಹಸಿರು ಗುಂಡಿ ಒತ್ತುತ್ತಾರೆ. ಆಗ ಮಾತ್ರ ವಾಲ್ವ್ ತೆರೆಯುತ್ತದೆ. ಪಕ್ಕದಲ್ಲಿ ಕೆಂಪು ಗುಂಡಿಯೂ ಇದೆ. ಅದನ್ನು ಒತ್ತಲು ಅವರು ಯಾರನ್ನೂ ಕೇಳಬೇಕಾಗಿಲ್ಲ, ಆಮೇಲೆ ಕಾರಣ ಬರೆದರೆ ಸಾಕು.

ಗುಂಡಿಗಳನ್ನು ನಾವು ಮೊದಲು ಮೇಜಿನ ಬಲಕ್ಕೆ ಕೂರಿಸಿದ್ದೆವು. ಎರಡನೆಯ ದಿನವೇ ಅಣ್ಣ ನನ್ನನ್ನು ಕರೆಸಿದರು.

"ಮೇಡಂ, ಇದನ್ನ ಎಡಕ್ಕೆ ಹಾಕಿಸಿಕೊಡಿ. ಬಲಗೈಯಲ್ಲಿ ಪುಡಿ ಇರ್ತದೆ."

ಎಲೆಕ್ಟ್ರಿಷಿಯನ್ನನ್ನು ಅವತ್ತೇ ಮಧ್ಯಾಹ್ನ ಕಳಿಸಿದೆ.